ಡೀಸೆಲ್ ವಾಸನೆ ಮತ್ತು ಅತ್ತೆಯ ಲೋಟ

ಡೀಸೆಲ್ ವಾಸನೆ ಬಂದರೆ ನನಗೆ ಹಸಿವಾಗುತ್ತದೆ. ನಗಬೇಡಿ. ಒಬ್ಬೊಬ್ಬರ ಮೂಗಿಗೂ ಹೊಟ್ಟೆಗೂ ಒಂದೊಂದು ಒಪ್ಪಂದವಿರುತ್ತದೆ, ನನ್ನದು ಹೀಗಿದೆ. ಮೊನ್ನೆ ತಿಪಟೂರಿನ ಬಂಕಿನಲ್ಲಿ ಕಾರಿಗೆ ಡೀಸೆಲ್ ಹಾಕಿಸುತ್ತಾ, "ಉಪ್ಪಿಟ್ಟು ಸಿಕ್ಕಿದ್ದರೆ ಚೆನ್ನಾಗಿತ್ತು" ಎಂದೆ. "ಈಗ ತಾನೇ ಆರು ಇಡ್ಲಿ ಇಳಿಸಿದ್ರಲ್ರೀ!" ಎಂದು ಹೆಂಡತಿ ಗಾಬರಿಯಾದಳು. ತಪ್ಪು ನನ್ನ ಹೊಟ್ಟೆಯದಲ್ಲ, ನೊಣವಿನಕೆರೆಯ ನನ್ನ ಸೋದರಮಾವನ ವ್ಯಾನಿನದು ಎಂದು ಅವಳಿಗೆ ಹೇಗೆ ತಿಳಿಸುವುದು?

ಇದು ತೊಂಬತ್ತರ ದಶಕದ ಕೊನೆಯ ಮಾತು. ಡಿಗ್ರಿ ಮುಗಿಸಿ, ಕೆಲಸವಿಲ್ಲದೆ, ಮಾವನ ಮನೆಯಲ್ಲಿ ರಾಗಿಮುದ್ದೆಗೆ ದಂಡವಾಗಿ ಕುಳಿತಿದ್ದೆ. ಮಾವ ಕೊಬ್ಬರಿ ವ್ಯಾಪಾರದವರು. ಅತ್ತೆ ಬೆಳಗ್ಗೆ ಲಿಂಗಪೂಜೆ ಆಗದೆ ಗುಟುಕು ನೀರು ಕುಡಿದವರಲ್ಲ. ಹೋಟೆಲಿನ ಕಾಫಿ ಮುಟ್ಟುತ್ತಿರಲಿಲ್ಲ, ಪರರ ಮನೆಯಲ್ಲಿ ಒಂದು ರಾತ್ರಿ ಉಳಿಯುತ್ತಿರಲಿಲ್ಲ. ಅವರದೇ ಒಂದು ಸ್ಟೀಲ್ ಲೋಟವಿತ್ತು, ಅದನ್ನು ನಾವು ಯಾರೂ ಮುಟ್ಟುವಂತಿರಲಿಲ್ಲ. ಹೀಗಾಗಿ ತವರೂರು ಮಾಯಸಂದ್ರ ಬಿಟ್ಟರೆ ಗಂಡನ ಊರು ನೊಣವಿನಕೆರೆ, ಇಷ್ಟೇ ಅವರು ಕಂಡ ಪ್ರಪಂಚ. ಆದರೆ ಮನೆಯ ಕ್ಯಾಲೆಂಡರಿನಲ್ಲಿ ಒಂದು ಸಮುದ್ರದ ಚಿತ್ರವಿತ್ತು. ವರ್ಷ ಮುಗಿದರೂ ಅತ್ತೆ ಅದನ್ನು ತೆಗೆಯಲು ಬಿಟ್ಟಿರಲಿಲ್ಲ. "ಬೋರು ಕೊರೆಸಿ ಕೊರೆಸಿ ಸಾಕಾಯ್ತು ಕಣ್ರೀ. ಅಷ್ಟು ನೀರು ಒಂದೇ ಕಡೆ ಇರೋದನ್ನ ಸಾಯೋದ್ರೊಳಗೆ ಒಂದ್ಸಲ ನೋಡಿಬುಡ್ಬೇಕು" ಎನ್ನುತ್ತಿದ್ದರು.

ಮಾವ ಬಾಯಲ್ಲಿ ಎಂದೂ ಪ್ರೀತಿ ಆಡಿದವರಲ್ಲ. ಒಂದು ದಿನ ಹಳೆಯ ಡೀಸೆಲ್ ವ್ಯಾನೊಂದನ್ನು ತಂದು ಅಂಗಳದಲ್ಲಿ ನಿಲ್ಲಿಸಿ, "ನೀನು ಮನೆ ಬುಟ್ಟು ಬರಲ್ಲ ತಾನೇ? ಬಾ, ಮನೇನೇ ತಗಂಡು ಹೋಗಾನ" ಎಂದರು. ಬಡಗಿಯನ್ನು ಕರೆಸಿ ಎರಡು ಮಂಚ, ಸೀಮೆಎಣ್ಣೆ ಸ್ಟವ್ ಇಡಲು ಕಟ್ಟೆ, ನೀರಿನ ಡ್ರಮ್ಮು, ಮೂಲೆಯಲ್ಲಿ ಪೂಜೆಗೊಂದು ಮಣೆ, ಕಿಟಕಿಗೆ ಹೂವಿನ ಪರದೆ, ಎಲ್ಲ ಮಾಡಿಸಿದರು. ಊರಿನವರು ಅದಕ್ಕೆ 'ಓಡೋ ಮನೆ' ಎಂದು ಹೆಸರಿಟ್ಟರು. ಸ್ವಲ್ಪ ಅವಸರಪಟ್ಟರು ಅನ್ನಿ, ಏಕೆಂದರೆ ಅದು ಓಡಲಿಲ್ಲ.

ಓಡಲೇ ಇಲ್ಲ ಎಂದರೆ ಪಾಪ ಬರುತ್ತದೆ. ಓಡುತ್ತಿತ್ತು, ನಿಲ್ಲುತ್ತಿತ್ತು. ಗೋಕರ್ಣಕ್ಕೆಂದು ಮೊದಲ ಸಲ ಹೊರಟಾಗ ತಿಪಟೂರು ಸೇರುವ ಮೊದಲೇ ಗೊರಗೊರ ಎಂದು ಕೆಮ್ಮಿ ಸುಮ್ಮನಾಯಿತು. ಒಂದರ್ಧ ಗಂಟೆ ಬಿಟ್ಟು ನೋಡಿದರೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಯಿತು. ಮತ್ತೆ ಸ್ವಲ್ಪ ದೂರ, ಮತ್ತೆ ಕೆಮ್ಮು. ಎರಡನೆಯ ಸಲ, ಮೂರನೆಯ ಸಲ ಅದೇ ಹಾಡು, ಅರಸೀಕೆರೆ ದಾಟಲಿಲ್ಲ. "ಈ ಮುಂಡೇದು ಗುರುತಿನ ತೆಂಗಿನಮರ ಕಾಣೋ ತಂಕ ಮಾತ್ರ ಓಡ್ತದೆ" ಎಂದು ಅತ್ತೆ ಹೇಳುತ್ತಿದ್ದರು. ಹೇಳಿ, ನಿಂತಲ್ಲೇ ಸ್ಟವ್ ಹಚ್ಚಿ ಉಪ್ಪಿಟ್ಟಿಗೆ ಒಗ್ಗರಣೆ ಹಾಕುತ್ತಿದ್ದರು. ಆ ಕಡೆ ಡೀಸೆಲ್, ಈ ಕಡೆ ಕರಿಬೇವು. ನನ್ನ ಮೂಗು ಕೆಟ್ಟದ್ದು ಹೀಗೆ.

ಕಾರಣ ಹೇಳುವವರಿಗೆ ನಮ್ಮ ಸೀಮೆಯಲ್ಲಿ ಎಂದೂ ಬರವಿಲ್ಲ. ತಿಪಟೂರಿನ ಮೆಕ್ಯಾನಿಕ್ ಬಾಷಾ, "ಅರೆ ಅಣ್ಣಾ, ಡೀಸೆಲ್ ಲೈನಲ್ಲಿ ಗಾಳಿ ಸೇರ್ಕಂಡೈತೆ" ಎಂದು ಸ್ಕ್ರೂ ಸಡಿಲಿಸಿ ಗಾಳಿ ತೆಗೆದರು. ಇನ್ನೊಮ್ಮೆ ಫಿಲ್ಟರ್ ಬದಲಾಯಿಸಿದರು. ಪಕ್ಕದ ಕೊಬ್ಬರಿ ಮಂಡಿಯವರು ಡೀಸೆಲ್ಲಿನಲ್ಲಿ ನೀರು ಬೆರೆತಿದೆ ಎಂದರು. ನಾನೂ ಓದಿದವನಲ್ಲವೇ, ಬಿಸಿಲಿಗೆ ಡೀಸೆಲ್ ಆವಿಯಾಗುತ್ತಿರಬೇಕು ಎಂದೆ. ಮಾವ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ನಿನ್ನ ಬುದ್ಧಿ ಆವಿಯಾಗೈತೆ ಕಣ್ಲಾ. ಅದಕ್ಕೆ ವಯಸ್ಸಾಗೈತೆ, ದಮ್ಮು. ಒಂದು ಎಳನೀರು ಕುಡಿಯೋವಷ್ಟು ಹೊತ್ತು ಬುಡು, ಸರಿಹೋಯ್ತದೆ" ಎಂದರು. ನಾವು ಎಳನೀರು ಕುಡಿಯುತ್ತಿದ್ದೆವು, ಅದು ಸರಿಹೋಗುತ್ತಿತ್ತು. ಇಂಥ ಸಿದ್ಧಾಂತವನ್ನು ಸುಳ್ಳೆನ್ನುವುದಾದರೂ ಹೇಗೆ?

ನಾಲ್ಕನೆಯ ಸಲ ಹೊರಡುವಾಗ ಮಾವನ ಮುಖ ಗಂಟಾಗಿತ್ತು. "ಇದೇ ಕೊನೆ. ಈ ಸಲವೂ ಸಮುದ್ರ ಮುಟ್ಟಲಿಲ್ಲ ಅಂದ್ರೆ ಮಂಚ ಕಿತ್ತು ಕೊಬ್ಬರಿ ಸಾಗಿಸಾಕೆ ಇಟ್ಕತೀನಿ" ಎಂದರು. ಅತ್ತೆ ಕ್ಯಾಲೆಂಡರಿನ ಕಡೆ ಒಮ್ಮೆ ನೋಡಿ ವ್ಯಾನು ಹತ್ತಿದರು. ಬಾಷಾ ಅವರನ್ನೂ ಜೊತೆಗೆ ಕೂರಿಸಿಕೊಂಡೆವು.

ಬಾಣಾವರ ದಾಟಿ ಒಂದು ಹುಣಸೆಮರದ ಹತ್ತಿರ ವ್ಯಾನು ಕೆಮ್ಮಿತು, ನಿಂತಿತು. ಮಾವ ಮರದ ಬುಡದಲ್ಲಿ ಹೋಗಿ ಕುಕ್ಕರಿಸಿದರು. ಬಾಷಾ ಟ್ಯಾಂಕಿನಲ್ಲಿ ಡೀಸೆಲ್ ಎಷ್ಟಿದೆ ನೋಡಲು ಬಿರಡೆ ಕಿತ್ತು ಪಕ್ಕಕ್ಕಿಟ್ಟರು. ಈ ಬಿರಡೆಯ ಬಗ್ಗೆ ಹೇಳಬೇಕು. ಟ್ಯಾಂಕಿನ ಮುಚ್ಚಳ ವ್ಯಾನು ಬಂದ ವಾರದಲ್ಲೇ ಕಳೆದುಹೋಗಿತ್ತು. ತೆಂಗಿನಸೀಮೆಯ ಗಂಡಸು ಅಂಗಡಿಯಿಂದ ಮುಚ್ಚಳ ತರುತ್ತಾನೆಯೇ? ಮಾವ ಒಣಗಿದ ತೆಂಗಿನಕಾಯಿ ಮಟ್ಟೆಯ ತುಂಡೊಂದನ್ನು ಮಚ್ಚಿನಲ್ಲಿ ಕೆತ್ತಿ ಬಡಿದು ಕೂರಿಸಿದ್ದರು. ಸಡಿಲವಾದಾಗೆಲ್ಲ ತಳ ಬಿಟ್ಟು ಸುತ್ತಲೂ ಒಂದು ಬಟ್ಟೆ ಸುತ್ತುತ್ತಿದ್ದರು.

ಈರುಳ್ಳಿ ಹೆಚ್ಚುತ್ತಿದ್ದ ಅತ್ತೆಯ ಕಣ್ಣು ಆ ಬಟ್ಟೆಯ ಮೇಲೆ ಬಿತ್ತು. "ರೀ! ಇದು ನನ್ನ ಹಸಿರು ಸೀರೆ ಅಲ್ವೇನ್ರೀ?"

ಮಾವ ಮರದ ಕೊಂಬೆ ನೋಡತೊಡಗಿದರು.

ಎಷ್ಟು ಹರಿದಿದ್ದಾರೆ ನೋಡೋಣವೆಂದು ಅತ್ತೆ ಸುತ್ತು ಬಿಚ್ಚಿದರು, ಬಿಚ್ಚಿದರು, ಬಿಚ್ಚುತ್ತಲೇ ಹೋದರು. ಕೊನೆಗೆ ಒಳಗಿನಿಂದ ನಿಂಬೆಹಣ್ಣಿನಷ್ಟು ಮಟ್ಟೆ ಹೊರಬಂತು. ಅದನ್ನು ಅಂಗೈಲಿಟ್ಟುಕೊಂಡು ಅತ್ತೆ, "ನೀವು ಕೆತ್ತಿದಾಗ ಇದು ನನ್ನ ಮುಷ್ಟಿಗಿಂತ ದಪ್ಪ ಇತ್ತು. ಮಿಕ್ಕಿದ್ದು ಎಲ್ಲೋಯ್ತು?" ಎಂದರು.

ಬಾಷಾ, "ಯಾ ಅಲ್ಲಾ" ಎಂದು ವ್ಯಾನಿನ ಕೆಳಗೆ ನುಸುಳಿದರು. ಟ್ಯಾಂಕು ಬಿಚ್ಚಿ ಬರಿದು ಮಾಡಿದಾಗ ಹೊರಬಂದದ್ದು ಒಂದು ಹಿಡಿ ತೆಂಗಿನ ನಾರು! ಎಂಜಿನ್ ಡೀಸೆಲ್ ಎಳೆದಾಗ ಅದೆಲ್ಲ ಹೋಗಿ ಪೈಪಿನ ಬಾಯಿಗೆ ಮೆತ್ತಿಕೊಳ್ಳುತ್ತಿತ್ತು. ವ್ಯಾನು ನಿಂತರೆ ಕಳಚಿ ಬೀಳುತ್ತಿತ್ತು. ನಾವು ಕುಡಿದ ಎಳನೀರಿನ ಮಹಿಮೆ ಇಷ್ಟೇ. "ವರ್ಷವೆಲ್ಲಾ ಪಾತ್ರೆ ಉಜ್ಜಬೋದಿತ್ತು" ಎಂದರು ಅತ್ತೆ.

ಮಾವ ಸೋಲೊಪ್ಪುವವರೇ? "ನಾನೇನು ಸುಳ್ಳು ಹೇಳಿದ್ನಾ? ಗಂಟಲಲ್ಲಿ ನಾರು ಸಿಕ್ಕಂಡ್ರೆ ಯಾರಿಗಾದ್ರೂ ದಮ್ಮು ಬತ್ತದೆ!"

ಡೀಸೆಲ್ಲನ್ನು ಅದೇ ಹಸಿರು ಸೀರೆಯ ತುಂಡಿನಲ್ಲಿ ಸೋಸಿ ತುಂಬಿದೆವು. ಆದರೆ ಮುಚ್ಚಳ? ಆ ಬಯಲಿನಲ್ಲಿ ಮುಚ್ಚಳ ಎಲ್ಲಿಂದ ತರುವುದು? ಅತ್ತೆ ಒಳಗೆ ಹೋದರು. ಸ್ವಲ್ಪ ಹೊತ್ತು ಬರಲಿಲ್ಲ. ಬಂದಾಗ ಕೈಯಲ್ಲಿ ಅವರ ಲೋಟವಿತ್ತು. "ಇದನ್ನ ಬೋರಲು ಹಾಕಿ ನೋಡಿ ಬಾಷಣ್ಣ" ಎಂದರು. ಹೇಳಿ ಮಾಡಿಸಿದ ಹಾಗೆ ಕೂತಿತು. "ಅಕ್ಕಾ, ನಿಮ್ಮ ಲೋಟ..." ಎಂದು ಬಾಷಾ ಅನುಮಾನಿಸಿದರು. "ಲೋಟ ಇನ್ನೊಂದು ಸಿಕ್ತದೆ ಬುಡಿ. ಬಿಗಿಯಾಗಿ ಕಟ್ಟಿ" ಎಂದರು ಅತ್ತೆ.

ಆಮೇಲೆ ಅದು ಎಲ್ಲೂ ನಿಲ್ಲಲಿಲ್ಲ. ಗೋಕರ್ಣದ ಮರಳಿನಲ್ಲಿ ಅತ್ತೆ ಕಾಲು ನೆನೆಸಿಕೊಂಡು ಬಹಳ ಹೊತ್ತು ನಿಂತರು. ಬಗ್ಗಿ ಬೆರಳದ್ದಿ ನಾಲಿಗೆಗೆ ಮುಟ್ಟಿಸಿದರು. "ಏನೇ ಇದು, ಹೊರಗಿನ ನೀರು!" ಎಂದು ಮಾವ ಛೇಡಿಸಿದರು. "ಸುಮ್ನಿರಿ, ಇದಕ್ಕೆ ಒಳಗೆ ಯಾವುದು, ಹೊರಗೆ ಯಾವುದು" ಎಂದರು ಅತ್ತೆ. ಅವರ ಕಣ್ಣು ತುಂಬಿತ್ತು. ನನ್ನದೂ. ಮಾವ ಮಾತ್ರ ಗಾಳಿಗೆ ಮರಳು ಬಿತ್ತು ಎಂದು ಕಣ್ಣು ಉಜ್ಜಿಕೊಂಡರು.

ವಾಪಸ್ಸು ಬರುವಾಗ ಅದೇ ಹುಣಸೆಮರದ ಹತ್ತಿರ ಅತ್ತೆ, "ನಿಲ್ಸಿ" ಎಂದರು.

"ಯಾಕೆ? ಏನೂ ಕೆಟ್ಟಿಲ್ವಲ್ಲೇ?"

"ಕೆಟ್ರೇನೇ ನಿಲ್ಲಬೇಕಾ?" ಎಂದು ಅತ್ತೆ ಸ್ಟವ್ ಹಚ್ಚಿದರು.

ಇದನ್ನೆಲ್ಲ ಮೊನ್ನೆ ಬಂಕಿನಲ್ಲಿ ನೆನೆದಾಗ ನಾಚಿಕೆಯಾಯಿತು. ಆ ದಾರಿಯಲ್ಲಿ ತಿಂಗಳಿಗೊಮ್ಮೆ ಓಡಾಡುತ್ತೇನೆ, ಮದುವೆ ಮುಂಜಿಯೆಂದು ಕರೆಯದೆ ನೊಣವಿನಕೆರೆಯಲ್ಲಿ ಇಳಿದವನಲ್ಲ. ಕಾರನ್ನು ಆ ಕಡೆ ತಿರುಗಿಸಿದೆ. ಜಗಲಿಯಲ್ಲಿ ಮಾವ ಮೊಮ್ಮಗಳ ಜೊತೆ ಚೌಕಾಬಾರದಲ್ಲಿ ಮೋಸ ಮಾಡುತ್ತಾ ಜಗಳವಾಡುತ್ತಿದ್ದರು. ಅತ್ತೆ ಬಾಗಿಲಿಗೆ ಬಂದು, ನಮ್ಮನ್ನು ನೋಡಿ, ಕಾರನ್ನು ನೋಡಿ, ಗಾಬರಿಯಿಂದ ಕೇಳಿದರು:

"ಏನ್ಲಾ, ಗಾಡಿ ಕೆಡ್ತಾ?"

"ಇಲ್ಲ ಅತ್ತೆ, ಏನೂ ಕೆಟ್ಟಿಲ್ಲ."

ಅತ್ತೆ ಒಂದು ಕ್ಷಣ ನನ್ನ ಮುಖವನ್ನೇ ನೋಡಿದರು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ರವೆ ಹುರಿಯಲು ಒಳಗೆ ಹೋದರು.