ಹೇಳದೆ ಬರುವ ಮೌಶಿ

ಬಲಗೈಯ ಹಸಿರು ಬಳೆಗಳನ್ನು ಮೊಣಕೈವರೆಗೆ ಏರಿಸಿ, ಕೆಳಗೆ ಜಾರದಂತೆ ಒಂದು ರಬ್ಬರ್ ಬ್ಯಾಂಡ್ ಹಾಕಿಕೊಂಡಿರುತ್ತಿದ್ದರು ಮೌಶಿ. ಕೆಲಸದಿಂದ ನಿವೃತ್ತರಾಗಿ ಎಷ್ಟೋ ವರ್ಷ ಕಳೆದಿದ್ದರೂ, ಮದುವೆಮನೆಗೆ ರೇಷ್ಮೆ ಸೀರೆ ಉಟ್ಟು ಬಂದರೂ ಆ ರಬ್ಬರ್ ಬ್ಯಾಂಡ್ ತಪ್ಪುತ್ತಿರಲಿಲ್ಲ. ನಾನು ಒಮ್ಮೆ ಯಾಕೆಂದು ಕೇಳಿದ್ದೆ. "ಬಳಿ ತಾಗಿದ್ರ ಮುದುಕರ ತೊಗಲು ಹರೀತದ ತಂಗಿ. ಕಾಗದ ಇದ್ದಂಗ ಇರ್ತದ ಅವ್ರ ತೊಗಲು," ಅಂದಿದ್ದರು. ಮದುವೆಮನೆಯಲ್ಲಿ ಯಾವ ಮುದುಕರನ್ನು ಎತ್ತಿ ಮಲಗಿಸಬೇಕಾಗಿದೆ ಎಂದು ಕೇಳುವಷ್ಟು ಬಾಯಿ ಆಗ ನನಗಿರಲಿಲ್ಲ.

ಭಾಲ್ಕಿಯಲ್ಲಿ ನಮ್ಮ ಮನೆಯ ಹಿಂದಿನ ಓಣಿಯಲ್ಲಿ ಅವರ ಮನೆ. ಸರಕಾರಿ ಆಸ್ಪತ್ರೆಯೊಂದರಲ್ಲಿ ಆಯಾ ಆಗಿ ಆಯುಷ್ಯ ಸವೆಸಿದವರು. ನಮ್ಮ ಕಡೆ ಆಸ್ಪತ್ರೆಯ ಆಯಾಗಳನ್ನು ಮೌಶಿ ಎಂದೇ ಕರೆಯುವುದು. ಮರಾಠಿಯಲ್ಲಿ ಚಿಕ್ಕಮ್ಮ ಎಂದರ್ಥ. ಹೀಗಾಗಿ ಅರ್ಧ ಊರಿಗೆ ಅವರು ಚಿಕ್ಕಮ್ಮ. ಭಾನುವಾರ ಬಿಳಿ ಸೀರೆ ಉಟ್ಟು ಚರ್ಚಿಗೆ ಹೋಗುವವರು ಅವರು, ಕೊರಳಲ್ಲಿ ಲಿಂಗ ಕಟ್ಟಿಕೊಂಡವರು ನಾವು. ಹೋಳಿಗೆ, ಉಪ್ಪಿನಕಾಯಿ ಎರಡೂ ಮನೆಗಳ ನಡುವೆ ಓಡಾಡುತ್ತಿದ್ದವು ನಿಜ. ಆದರೂ ಅವ್ವನಿಗೂ ಅವರಿಗೂ ದೊಡ್ಡ ಗೆಳೆತನವೇನೂ ಇರಲಿಲ್ಲ. ಮೌಶಿಯದು ಜೋರು ಬಾಯಿ, ಅವ್ವನಿಗೆ ಜೋರು ಬಾಯಿಯವರು ಆಗಿಬರುತ್ತಿರಲಿಲ್ಲ.

ಅವ್ವನಿಗೆ ಲಕ್ವಾ ಹೊಡೆದು ಬಲಭಾಗವೂ ಮಾತೂ ಒಂದೇ ಮುಂಜಾನೆ ಹೋದವು. ಅಪ್ಪ ಮೊದಲೇ ತೀರಿಹೋಗಿದ್ದರು, ನನಗೆ ಒಡಹುಟ್ಟಿದವರಿಲ್ಲ. ನಾನು ಸಂತಪುರದ ಹತ್ತಿರದ ಒಂದು ಶಾಲೆಯಲ್ಲಿ ಶಿಕ್ಷಕಿ, ಔರಾದಿನಲ್ಲಿ ಒಂದು ಬಾಡಿಗೆ ಖೋಲಿ ಮಾಡಿಕೊಂಡಿದ್ದವಳು. ಇದ್ದ ರಜೆಯನ್ನೆಲ್ಲ ಹಾಕಿ ಭಾಲ್ಕಿಯಲ್ಲಿ ಅವ್ವನ ಬಳಿ ಕೂತೆ. ರಜೆ ಮುಗಿಯಿತು. ನೋಡಿಕೊಳ್ಳಲು ಇಟ್ಟ ಹೆಂಗಸು ಮೂರು ವಾರಕ್ಕೆ ಬೆನ್ನುನೋವು ಎಂದು ಬಿಟ್ಟುಹೋದಳು. ಹಾಸಿಗೆ ಹಿಡಿದವರನ್ನು ತಿಂಗಳುಗಟ್ಟಲೆ ಇಟ್ಟುಕೊಳ್ಳುವ ನರ್ಸಿಂಗ್ ಹೋಂ ಒಂದು ಬೀದರಿನಲ್ಲಿದೆ, ಅಲ್ಲಿ ಒಂದು ಹಾಸಿಗೆ ಖಾಲಿ ಇದೆ ಎಂದು ಯಾರೋ ಹೇಳಿದರು.

ನಾನು ಮೊದಲಿಂದಲೂ ಅಂಜುಬುರುಕಿ. ಬಸ್ಸು ಸ್ವಲ್ಪ ಜೋರಾಗಿ ಓಡಿದರೂ ಮುಂದಿನ ಸೀಟಿನ ಕಂಬಿ ಹಿಡಿದು ಕಣ್ಣು ಮುಚ್ಚುವವಳು. ಆದರೆ ಆ ದಿನಗಳ ಹೆದರಿಕೆ ಬೇರೆ ಇತ್ತು. ಅವ್ವನಿಗೆ ನೋವಾದರೆ ಹೇಳಲು ಅವಳಿಗೆ ಮಾತಿಲ್ಲ, ನೋಡಲು ನಾನಲ್ಲಿರುವುದಿಲ್ಲ. ಊಟಕ್ಕೆ ಕೂತರೆ ಇದೊಂದೇ ಯೋಚನೆ ಬಂದು ತುತ್ತು ಒಳಗೆ ಹೋಗುತ್ತಿರಲಿಲ್ಲ. ಮೌಶಿ ಹಿತ್ತಿಲ ಬಾಗಿಲಿನಿಂದ ಬಂದು ನನ್ನ ಮುಖ ನೋಡಿ, "ಜಾಗಾ ನೋಡ್ಲಿಕ್ಕಿ ನಾನೂ ಬರ್ತೇನಿ. ನೀ ಒಬ್ಬಾಕಿ ಹೋದ್ರ ಬರೇ ಫರಸಿ ನೋಡ್ಕೊಂಡು ಬರ್ತಿ," ಅಂದರು.

ಅವರ ಮಾತು ಸುಳ್ಳಾಗಲಿಲ್ಲ. ನರ್ಸಿಂಗ್ ಹೋಮಿನೊಳಗೆ ಕಾಲಿಟ್ಟವಳು ನಾನು ಮೊದಲು ನೋಡಿದ್ದು ನೆಲದ ಹೊಳೆಯುವ ಫರಸಿಯನ್ನೇ. ಮೀನಿನ ಗಾಜಿನ ಪೆಟ್ಟಿಗೆ, ಗೋಡೆಗೆ ಟೀವಿ, ಅಂಗಳದಲ್ಲಿ ತುಳಸಿ. ಟೈ ಕಟ್ಟಿದ ಮ್ಯಾನೇಜರ್ ವಾರದ ಊಟದ ಪಟ್ಟಿ ಓದಿ ಹೇಳುತ್ತಿದ್ದರೆ ನನಗೆ ಅರ್ಧ ಧೈರ್ಯ ಬಂದಿತ್ತು. ಮೌಶಿ ಮಾತ್ರ ಕುರ್ಚಿಯಲ್ಲಿ ಕೂರದೆ ನೆಟ್ಟಗೆ ಹೆಂಗಸರ ವಾರ್ಡಿಗೆ ನಡೆದರು. ಎರಡೂ ಅಂಗೈ ತಿಕ್ಕಿ ಬೆಚ್ಚಗೆ ಮಾಡಿಕೊಂಡು, ಮೊದಲ ಹಾಸಿಗೆಯ ಮುದುಕಿಯ ಹತ್ತಿರ ಬಾಗಿ, "ಅಕ್ಕಾ, ಜರಾ ಹೊಳ್ಳಿಸಿ ನೋಡ್ಲೇನ್ರಿ?" ಎಂದು ಕೇಳಿದರು. ಮುದುಕಿ ಕಣ್ಣಲ್ಲೇ ಹೂಂ ಅಂದಳು. ಮಗ್ಗುಲಿಗೆ ತಿರುಗಿಸಿ ಹಿಮ್ಮಡಿ ನೋಡಿದರು, ಕಾಲ್ಬೆರಳ ಸಂದಿ ನೋಡಿದರು, ಕಿವಿಯ ಹಿಂದೆ ಬೆರಳಾಡಿಸಿದರು. ನೀರಿನ ಲೋಟ ಆಕೆಯ ಯಾವ ಕೈಗೆ ಹತ್ತಿರ ಇದೆ ಎಂದು ನೋಡಿದರು. ದನದ ಸಂತೆಗೆ ಬಂದವರ ಹಾಗೆ ಇದೇನು ಮಾಡುತ್ತಿದ್ದಾರೆ ಎಂದು ನಾನು ನಾಚಿಕೆಯಿಂದ ಸತ್ತುಹೋಗುತ್ತಿದ್ದೆ.

ಆಮೇಲೆ ಹಾಸಿಗೆಯ ಕಾಲ ಬಳಿ ತೂಗುಹಾಕಿದ್ದ ಹಾಳೆಯನ್ನು ಕೈಗೆ ತೆಗೆದುಕೊಂಡರು. ಏಳಲಾಗದವರನ್ನು ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸಬೇಕು, ಇಲ್ಲದಿದ್ದರೆ ಬೆನ್ನಿಗೆ ಹುಣ್ಣಾಗುತ್ತದೆ. ಯಾವ ಹೊತ್ತಿಗೆ ಯಾವ ಮಗ್ಗುಲು ಎಂದು ಬರೆದು ಸಹಿ ಮಾಡುವ ಹಾಳೆ ಅದು. ಗೋಡೆಯ ಗಡಿಯಾರದಲ್ಲಿ ಹನ್ನೊಂದೂಕಾಲು. ಹಾಳೆಯಲ್ಲಿ ಸಂಜೆ ನಾಲ್ಕರವರೆಗೆ ಸಹಿ ಬಿದ್ದಿತ್ತು.

"ಅದು ಪ್ಲಾನ್ ರಿ ಮೌಶಿ," ಅಂದರು ಮ್ಯಾನೇಜರ್.

"ಪ್ಲಾನ್ ಇದ್ರ ಸಹಿ ಯಾಕ ಮಾಡ್ಯಾರ್ರಿ?"

ಮ್ಯಾನೇಜರ್ ಟೈ ಸರಿಮಾಡಿಕೊಂಡರು. ಮೌಶಿಯ ಕೈ ಹಿಡಿದು ಹೊರಗೆ ಎಳೆದುಕೊಂಡು ಬಂದೆ. ಎದುರಿನ ಚಹದಂಗಡಿಯ ಬೆಂಚಿನಲ್ಲಿ ಕೂತು, ಇಲ್ಲಿ ಬೇಡ, ಕೆಲಸ ಬಿಡುತ್ತೇನೆ, ಅವ್ವನೊಂದಿಗೆ ಉಪವಾಸ ಇದ್ದರೂ ಸರಿ ಎಂದೆಲ್ಲ ಬಡಬಡಿಸಿದೆ. ಮೌಶಿ ಚಹ ಪೂರ್ತಿ ಕುಡಿದು ಕಪ್ಪು ಕೆಳಗಿಟ್ಟರು.

"ನಾನೂ ಹಿಂಗೇ ಮಾಡೀನಿ," ಅಂದರು. "ಒಂದು ವಾರ್ಡಿಗಿ ನಾವು ಇಬ್ರೇ ಇರ್ತಿದ್ದಿವಿ. ಹೊಳ್ಳಿಸೀದಿ ಏನ್ ಮೌಶಿ ಅಂತ ಸಿಸ್ಟರ್ ಕೇಳ್ತಿದ್ರು. ಹೊಳ್ಳಿಸದಿದ್ರೂ ಹೂಂ ಅಂತಿದ್ದೆ. ಅವ್ರು ಬರಕೊಳ್ತಿದ್ರು. ಒಬ್ಬಾಕಿ ಬೆನ್ನು ಎಲುಬು ಕಾಣೂತನಕ ಕೊಳೀತು. ಕಾಗದದಾಗ ಎಲ್ಲಾ ಬರೋಬ್ಬರಿ ಇತ್ತು."

ನನ್ನ ಅವ್ವನ ಬೆನ್ನಿನ ಬಗ್ಗೆ ತೀರ್ಪು ಕೊಡಲು ಇಂಥವರನ್ನು ಕರೆತಂದೆನೇ ಎಂದು ಒಂದು ಗಳಿಗೆ ಅನ್ನಿಸಿದ್ದು ಸುಳ್ಳಲ್ಲ.

"ಯಾಕ ಆಕಿದೇ ಬೆನ್ನು ಕೊಳೀತು ಗೊತ್ತದೇನು? ಆಕಿನ್ನ ನೋಡ್ಲಿಕ್ಕಿ ಯಾರೂ ಬರ್ತಿದ್ದಿಲ್ಲ. ಮಂದಿ ಬರ್ತಿದ್ದವ್ರನ್ನ ಮೊದಲು ಹೊಳ್ಳಿಸ್ತಿದ್ದಿವಿ." ಚಹದ ದುಡ್ಡು ಎಣಿಸಿ ಬೆಂಚಿನ ಮೇಲಿಟ್ಟರು. "ಈ ಜಾಗಾ ಕೆಟ್ಟಿಲ್ಲ ತಂಗಿ. ಆ ಮುದುಕಿ ಹಿಮ್ಮಡಿ ಚಂದ ಅವ, ಉಗುರು ತಗದಾರ, ಬಾಯಿ ತೊಳದಾರ. ಕೆಲ್ಸಕ್ಕ ಕೈ ಕಮ್ಮಿ ಅವ, ಅಷ್ಟೇ. ನಿಮ್ಮವ್ವನ್ನ ಇಲ್ಲೇ ಇಡು. ನಾ ಬಂದು ಹೋಗಿ ಮಾಡ್ತೇನಿ. ಆದ್ರ ಯಾವತ್ತು ಬರ್ತೇನಿ, ಎಷ್ಟೊತ್ತಿಗಿ ಬರ್ತೇನಿ ಅಂತ ಅವ್ರಿಗಿ ತಿಳೀಬಾರ್ದು. ನಿನಗೂ ಹೇಳಾಂಗಿಲ್ಲ. ನಿನ್ನ ಮಾರಿ ನೋಡಿದ್ರೇ ಎಲ್ಲಾ ತಿಳೀತದ."

ಬೇರೆ ದಾರಿ ಇರಲಿಲ್ಲ. ಅವ್ವನನ್ನು ಬಿಟ್ಟುಬರುವ ದಿನ ಅವಳು ಎಡಗೈಯಿಂದ ನನ್ನ ಸೆರಗು ಹಿಡಿದುಕೊಂಡಳು. ಮೌಶಿಯೇ ಒಂದೊಂದು ಬೆರಳನ್ನೂ ಮೆಲ್ಲಗೆ ಬಿಡಿಸಿದರು. ಬೀದರ್ ಬಸ್‌ಸ್ಟ್ಯಾಂಡಿನಲ್ಲಿ ಔರಾದಿನ ಎರಡು ಬಸ್ಸು ಹೋದವು. ಮೂರನೆಯದನ್ನು ಹತ್ತಿದೆ.

ಮೌಶಿ ಭಾಲ್ಕಿಯಿಂದ ಒಮ್ಮೆ ಬಸ್ಸಿಗೆ, ಒಮ್ಮೆ ರೈಲಿಗೆ ಹೋಗುತ್ತಿದ್ದರು. ಒಂದು ವಾರ ಮಂಗಳವಾರ ಮಧ್ಯಾಹ್ನ, ಇನ್ನೊಂದು ವಾರ ಶುಕ್ರವಾರ ಮುಂಜಾನೆ ಕಸ ಹೊಡೆಯುವ ಹೊತ್ತಿಗೇ. ಕೆಲವು ಸಲ ನೋಡಿಕೊಂಡು ಹೊರಗೆ ಬಂದು, ಒಂದು ತಾಸು ಬಿಟ್ಟು ಛತ್ರಿ ಮರೆತೆ ಎಂದು ಮತ್ತೆ ಒಳಗೆ ಹೋಗುತ್ತಿದ್ದರು. ಬೀದರಿನ ಏಪ್ರಿಲ್ ಬಿಸಿಲಿನಲ್ಲೂ ಅವರು ಅದೆಷ್ಟು ಸಲ ಛತ್ರಿ ಮರೆತರೋ. ಭಾನುವಾರ ಇವರು ಚರ್ಚಿಗೆ ಹೋಗುತ್ತಾರೆಂದು ಅಲ್ಲಿಯವರಿಗೆ ತಿಳಿದಾಗ, ಮುಂದಿನ ಭಾನುವಾರ ಪ್ರಾರ್ಥನೆ ಮುಗಿದದ್ದೇ ಬಿಳಿ ಸೀರೆಯಲ್ಲೇ ಹೋಗಿ ನಿಂತರು. ಅವರು ಗೇಟಿನೊಳಗೆ ಬಂದರೆಂದರೆ ಆಯಾಗಳು ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತಿದ್ದರು. ಮೌಶಿ ಬೈಯುತ್ತಿದ್ದರು, ಆಮೇಲೆ ಸೀರೆಯ ಗಂಟಿನಿಂದ ಎಲೆ ಅಡಿಕೆ ಬಿಚ್ಚಿ ಕೊಡುತ್ತಿದ್ದರು.

ಪಕ್ಕದ ಹಾಸಿಗೆಯಲ್ಲಿ ಕಮಠಾಣದ ಕಡೆಯ ಒಬ್ಬ ಅಜ್ಜಿ ಇದ್ದಳು. ಅವಳನ್ನು ನೋಡಲು ಯಾರೂ ಬಂದದ್ದಿಲ್ಲ. ಮೌಶಿ ಅವಳನ್ನು ತನ್ನ ನಾದಿನಿ ಎಂದು ಹೇಳಿಬಿಟ್ಟಿದ್ದರು. ಈ ಸುಳ್ಳು ಯಾಕೆ ಎಂದು ಕೇಳಿದೆ. "ನಿಮ್ಮವ್ವಗ ಕೈ ಹೆಚ್ಚು ಬಂದ್ರ ಯಾರಿಗರೆ ಕಮ್ಮಿ ಆಗಬೇಕಲ್ಲ. ನಾದಿನಿ ಅಂದ್ರ ಆಕಿನ್ನೂ ಹೊಳ್ಳಿಸ್ತಾರ," ಅಂದರು. ನನಗೆ ಅದು ಹೊಳೆದೇ ಇರಲಿಲ್ಲ.

ಹೋದ ದಿನವೆಲ್ಲ ನನಗೆ ಫೋನು. "ಎಡಕ್ಕ ಮಲಗ್ಯಾಳ. ಬೆನ್ನಿಗಿ ಹುಣ್ಣಿಲ್ಲ," ಅಷ್ಟೇ ಹೇಳಿ ಇಟ್ಟುಬಿಡುವರು. ಆ ನಾಲ್ಕು ಶಬ್ದ ಕೇಳಿದ ದಿನ ನನಗೆ ಊಟ ಸೇರುತ್ತಿತ್ತು. ನರ್ಸಿಂಗ್ ಹೋಮಿನ ನಂಬರಿನಿಂದ ಫೋನು ಬಂದರೆ ಮಾತ್ರ ಬೋರ್ಡಿನ ಮೇಲೆ ಬರೆಯುತ್ತಿದ್ದ ಅಕ್ಷರವನ್ನು ಅರ್ಧಕ್ಕೆ ಬಿಟ್ಟು ಹೊರಗೆ ಓಡುತ್ತಿದ್ದೆ.

ಅಂಥದೊಂದು ಫೋನು ಒಂದು ದಿನ ಬಂದೇಬಿಟ್ಟಿತು. ಅವ್ವ ಎರಡು ದಿನದಿಂದ ಬಾಯಿ ತೆರೆಯುತ್ತಿಲ್ಲ, ಮೂಗಿನಿಂದ ನಳಿಗೆ ಹಾಕಬೇಕು, ಬಂದು ಸಹಿ ಮಾಡಿ ಎಂದರು. ಮೌಶಿಗೆ ತಿಳಿಸಿ ಸಿಕ್ಕ ಬಸ್ಸು ಹತ್ತಿದೆ. ಜನವಾಡ ದಾಟುವವರೆಗೂ ಮುಂದಿನ ಸೀಟಿನ ಕಂಬಿ ಬಿಡಲಿಲ್ಲ. ಅವ್ವ ತುಟಿ ಬಿಗಿದುಕೊಂಡು ಮಲಗಿದ್ದಳು. ಗಂಜಿಯ ಚಮಚ ಹತ್ತಿರ ಒಯ್ದರೆ ಮುಖ ತಿರುಗಿಸಿದಳು. ಅವಳ ಕಣ್ಣಲ್ಲಿ ಸಿಟ್ಟಿತ್ತು. ನಾನು ಬೇಡಿಕೊಂಡೆ, ಗದರಿಸಿದೆ, ಕೊನೆಗೆ ಅತ್ತೆ. ಇವಳು ಸಾಯುವ ನಿರ್ಧಾರ ಮಾಡಿಬಿಟ್ಟಿದ್ದಾಳೆ, ಇಲ್ಲಿ ತಂದು ಹಾಕಿದ್ದಕ್ಕೆ ನನಗಿದು ಶಿಕ್ಷೆ ಅನ್ನಿಸಿತು. ಸಹಿಯ ಕಾಗದ ತೊಡೆಯ ಮೇಲಿಟ್ಟುಕೊಂಡು ಪೆನ್ನಿನ ಮುಚ್ಚಳ ತೆಗೆದಿದ್ದೆ.

ಮೌಶಿ ಬಂದವರೇ ನೆಟ್ಟಗೆ ಹಾಸಿಗೆಯ ಬಳಿ ಹೋದರು. ಅಂಗೈ ತಿಕ್ಕಿಕೊಂಡು ಅವ್ವನ ಕತ್ತಿನ ಹಿಂದೆ ಕೈ ಹಾಕಿದರು. ಅಲ್ಲೇ ತಡೆದು ನಿಂತರು.

"ಕೊರಳಾಗಿನ ಲಿಂಗ ಎಲ್ಲಿ ಅದ?"

ಹೊಸದಾಗಿ ಸೇರಿದ್ದ ಸಿಸ್ಟರ್, ಚಿಕ್ಕ ವಯಸ್ಸಿನವಳು, ಗಾಬರಿಯಾದಳು. "ಕರಡಿಗಿ ಬೆಳ್ಳಿದು ಅದಲ್ರಿ. ಮೊನ್ನೆ ಮೈ ಒರೆಸುವಾಗ ತಗದು ಆಫೀಸಿನ ಕಪಾಟಿನ್ಯಾಗ ಇಟ್ಟೀವಿ. ಕಳೀಬಾರ್ದು ಅಂತ್ರಿ. ರಿಜಿಸ್ಟರ್‌ದಾಗ ಬರ್ದೀನಿ."

ಅವ್ವ ಲಿಂಗ ಮೈಮೇಲಿಲ್ಲದೆ ಬಾಯಿಗೆ ನೀರು ಕೂಡ ಹಾಕಿದವಳಲ್ಲ. ಹುಟ್ಟಿದಾಗಿನಿಂದ ಅದನ್ನು ನೋಡಿ ಬೆಳೆದ ಮಗಳು ಒಂದು ತಾಸು ಪಕ್ಕದಲ್ಲಿ ಕೂತು ಅತ್ತಿದ್ದೆ, ಅವಳ ಕೊರಳ ಕಡೆ ನೋಡಿರಲಿಲ್ಲ. ಸಿಸ್ಟರ್ ಓಡಿಹೋಗಿ ಲಿಂಗವಿದ್ದ ಬೆಳ್ಳಿಯ ಕರಡಿಗೆ ತಂದಳು. ಮೌಶಿ ಅದನ್ನು ಮುಟ್ಟಲಿಲ್ಲ. "ನೀ ಕಟ್ಟು. ಅದು ನಿಮ್ಮದು," ಅಂದರು. ನಾನು ಕಟ್ಟಿ, ಲಿಂಗವನ್ನು ತೆಗೆದು ಅವ್ವನ ಎಡ ಅಂಗೈಯಲ್ಲಿ ಇಟ್ಟೆ, ನನ್ನ ಚೀಲದಿಂದ ವಿಭೂತಿ ತೆಗೆದುಕೊಂಡೆ. ಪೂಜೆ ಮಾಡಬೇಕಾದ ಬಲಗೈ ಸತ್ತು ಬಿದ್ದಿತ್ತು. ಮೌಶಿ ಅದನ್ನು ಎತ್ತಿ ಹಿಡಿದು, ಅವ್ವನ ಮೂರು ಬೆರಳುಗಳನ್ನು ನನ್ನ ಕೈಲಿದ್ದ ವಿಭೂತಿಗೆ ತಾಗಿಸಿ, ಮೆಲ್ಲಗೆ ಲಿಂಗದ ಮೇಲೆ ಆಡಿಸಿದರು. "ಕೈ ಅಷ್ಟೇ ನಂದು. ಪೂಜಿ ನಿಮ್ದೇ ಅಕ್ಕಾ," ಅಂದರು.

ಅವ್ವ ಕಣ್ಣು ಮುಚ್ಚಿ ತೆರೆದಳು. ಆಮೇಲೆ ಬಾಯಿ ತೆರೆದಳು. ಆರು ಚಮಚ ಗಂಜಿ ಹೋಯಿತು.

ಹೊರಗೆ ಬಂದ ಮೇಲೆ ಮೌಶಿ ಸಿಸ್ಟರಿಗೆ ಬೈಯುತ್ತಾರೆ ಎಂದುಕೊಂಡಿದ್ದೆ. ಬೈದದ್ದು ನನಗೆ. "ಆ ಪೋರಿಗಿ ಗೊತ್ತಿಲ್ಲ. ನಿನಗ ಗೊತ್ತಿತ್ತಲ್ಲ. ಅಂಜಿದ್ರ ಕಣ್ಣು ಕಾಣಾಂಗಿಲ್ಲ ನೋಡು. ಅಂಜು, ಬ್ಯಾಡ ಅನ್ನಾಂಗಿಲ್ಲ. ಮೊದಲು ಮುಟ್ಟಿ ನೋಡು, ಆಮ್ಯಾಲ ಅಂಜು."

ಈ ಚಳಿಗಾಲದಲ್ಲಿ ಮೌಶಿ ಹೋದರು. ಯಾರ ಕೈಯಲ್ಲೂ ಸೇವೆ ಮಾಡಿಸಿಕೊಳ್ಳಲಿಲ್ಲ. ಮುಂಜಾನೆ ಚಹ ಕುಡಿದು ಗೋಡೆಗೆ ಒರಗಿದವರು ಏಳಲಿಲ್ಲ. ಭಾಲ್ಕಿಗೆ ಓಡಿದೆ, ಮಣ್ಣು ಹಾಕಿ ಬಂದೆ. ಅವರ ಸೊಸೆಯನ್ನು ತಬ್ಬಿಕೊಂಡು ನನ್ನ ಅವ್ವನೇ ಹೋದಳೇನೋ ಎಂಬಂತೆ ಅತ್ತೆ. ಆ ಅಳುವಿನ ನಡುವೆಯೂ ಒಳಗೊಂದು ಭಯ ಲೆಕ್ಕ ಹಾಕುತ್ತಿತ್ತು: ಇನ್ನು ಅವ್ವನ ಬೆನ್ನು ಯಾರು ನೋಡುತ್ತಾರೆ? ನನಗೆ ನನ್ನ ಮೇಲೇ ಅಸಹ್ಯವಾಯಿತು. ಆದರೂ ಲೆಕ್ಕ ನಿಲ್ಲಲಿಲ್ಲ.

ಮರುದಿನ ಬೀದರಿಗೆ ಹೋದೆ. ಹೇಳಬೇಕೆಂದೇ ಹೋಗಿದ್ದೆ. ಅವ್ವನಿಗೆ ಎಲ್ಲ ತಿಳಿಯುತ್ತದೆ, ಮಾತಷ್ಟೇ ಇಲ್ಲ. ಅವಳು ಎಡಗೈಯೆತ್ತಿ ಬಾಗಿಲ ಕಡೆ ತೋರಿಸಿ, ಮೌಶಿ ಎಲ್ಲಿ ಎಂಬಂತೆ ನನ್ನ ಮುಖ ನೋಡಿದಳು. ಅಷ್ಟರಲ್ಲಿ ವಾರ್ಡಿನ ಆಯಾ ಹಿಂದಿನಿಂದ ಕೇಳಿದಳು, "ಮೌಶಿ ಈ ವಾರ ಬಂದಿಲ್ಲ ನೋಡ್ರಿ?" ಅವಳ ದನಿಯಲ್ಲಿ ಸ್ವಲ್ಪ ನಿರಾಳ ಇತ್ತೋ, ನನ್ನ ಭಯವೇ ಹಾಗೆ ಕೇಳಿಸಿತೋ ಗೊತ್ತಿಲ್ಲ. ನನ್ನ ಬಾಯಿಂದ ಬಂದದ್ದು, "ಬರ್ತಾರ. ಊರಾಗ ಜರಾ ಕೆಲ್ಸ ಅದ," ಎಂಬ ಮಾತು.

ಆಗಿನಿಂದ ಇದೇ ನಡೆದಿದೆ. ಒಮ್ಮೆ ಮೊಣಕಾಲು ನೋವು, ಒಮ್ಮೆ ಮಗಳ ಮನೆಗೆ ಹೋಗಿದ್ದಾರೆ. ಅವ್ವನಿಗೂ ಹೇಳಿಲ್ಲ. ಅವಳು ಅತ್ತರೆ ವಾರ್ಡಿಗೆಲ್ಲ ತಿಳಿದುಬಿಡುತ್ತದೆ. ಭಾಲ್ಕಿಯವರು ಯಾರಾದರೂ ಅಲ್ಲಿ ದಾಖಲಾದರೆ ಏನು ಗತಿ ಎಂದು ಪ್ರತಿ ಸಲ ಗೇಟಿನಲ್ಲಿ ನಿಂತು ಒಳಗಿನ ಮುಖಗಳನ್ನು ನೋಡುತ್ತೇನೆ. ನನ್ನ ಮುಖ ನೋಡಿದರೇ ಎಲ್ಲ ತಿಳಿಯುತ್ತದೆ ಎಂದಿದ್ದ ಹೆಂಗಸಿನ ಸಾವನ್ನು ಈ ಮುಖದಲ್ಲೇ ಬಚ್ಚಿಟ್ಟುಕೊಂಡು ಓಡಾಡುತ್ತಿದ್ದೇನೆ. ಬದುಕಿದ್ದಾಗ ಅವರಿಂದ ಪಡೆದದ್ದು ಸಾಲದೆಂದು, ಸತ್ತ ಮೇಲೂ ಅವರನ್ನು ದುಡಿಸಿಕೊಳ್ಳುತ್ತಿದ್ದೇನೆ.

ಹೋದ ಶನಿವಾರ ಹೊರಡುವಾಗ ಆ ಚಿಕ್ಕ ಸಿಸ್ಟರ್ ಮೇಜಿನ ಹಿಂದಿನಿಂದ ತಲೆಯೆತ್ತಿ ಕೇಳಿದಳು.

"ಮೇಡಂ, ಮೌಶಿ ಯಾವತ್ತು ಬರ್ತಾರ್ರಿ?"

"ಅವ್ರು ಹೇಳಿ ಬರೋರಲ್ಲ," ಅಂದೆ.

ಸಿಸ್ಟರ್ ಗಡಿಯಾರ ನೋಡಿದಳು. ಮಗ್ಗುಲಿನ ಹಾಳೆಗೆ ಸಹಿ ಮಾಡಲು ಹಿಡಿದಿದ್ದ ಪೆನ್ನು ಮೇಜಿನ ಮೇಲಿಟ್ಟು, ಕಮಠಾಣದ ಅಜ್ಜಿಯ ಹಾಸಿಗೆಯ ಕಡೆ ನಡೆದಳು.