ಮಾವ ಎಳೆದುಹಾಕಿದ ಕಸ

ನನ್ನ ಸೋದರಮಾವನಿಗೆ ಕಸ ಕಂಡರೆ ಆಗದು. ಕೆರೆಯ ದಡದಲ್ಲಿ ಪೆಡಲ್ ದೋಣಿಗಳನ್ನು ಬಾಡಿಗೆಗೆ ಬಿಡುವುದು ಅವನ ಕಸುಬು; ಟಿಕೆಟ್ ಹರಿಯುವುದು ನನ್ನದು. ಬೆಳಗ್ಗೆ ಬಂದವನೇ ಸೀಟು ಒರೆಸಿ, ಹಗ್ಗಗಳನ್ನು ಸುರುಳಿ ಸುತ್ತಿ, ಲೈಫ್ ಜಾಕೆಟ್‌ಗಳನ್ನು ಬಣ್ಣ ನೋಡಿ ಸಾಲಾಗಿ ನೇತುಹಾಕುತ್ತಾನೆ. ನಾನು ಕುಡಿದಿಟ್ಟ ಲೋಟ ಕಣ್ಣಿಗೆ ಬಿತ್ತೋ, ಮುಗಿಯಿತು ನನ್ನ ಕಥೆ.

ಒಂದು ದಿನ ಕೊನೆಯ ದೋಣಿಯ ಹಗ್ಗಕ್ಕೆ ಜೊಂಡಿನ ಗುಡ್ಡೆಯೊಂದು ಅಂಟಿಕೊಂಡಿತು. ಮಾವ ಅದನ್ನು ಕೊಕ್ಕೆಯಿಂದ ಎಳೆದು ದಡಕ್ಕೆ ಹಾಕಿದ. ಸ್ವಲ್ಪ ದಿನಕ್ಕೆ ಮತ್ತೆ ಅಲ್ಲೇ ಗುಡ್ಡೆ. ಅದನ್ನೂ ಎಳೆದುಹಾಕಿ, ಕೆರೆಯ ಜೊಂಡು ಕೀಳುವವನ ಮೇಲೆ ಹರಿಹಾಯ್ದ.

"ಇದು ನಿಂದೇ ಕಿತಾಪತಿ!"

"ಕಿತ್ತ ಜೊಂಡನ್ನ ವಾಪಸ್ ನೀರಿಗೆ ಹಾಕೋಕೆ ನಂಗೇನು ತಲೆ ಕೆಟ್ಟಿದ್ಯಾ?" ಎಂದು ಅವನು ಗೊಣಗುತ್ತಾ ಹೋದ.

ಗುಡ್ಡೆ ಮತ್ತೆ ಹುಟ್ಟಿತು. ಮಾವ ಕೊಕ್ಕೆ ಹಿಡಿದು ಹತ್ತಿರ ಹೋದಾಗ ಅದರ ಪಕ್ಕದಿಂದ ಬಾಲವೇ ಇಲ್ಲದ ಪುಟ್ಟ ಗುಳುಮುಳುಕ ಹಕ್ಕಿಯೊಂದು ಬುಳಕ್ಕನೆ ಮುಳುಗಿತು. ಕೊಕ್ಕೆ ತಾಗಿ ಮೇಲಿನ ಜೊಂಡು ಸರಿಯಿತು. ಒಳಗೆ ಮೊಟ್ಟೆಗಳು! ಗೂಡು ಬಿಟ್ಟು ಹೋಗುವಾಗ ಈ ಹಕ್ಕಿ ಮೊಟ್ಟೆಗಳಿಗೆ ಜೊಂಡು ಹೊದಿಸುತ್ತದೆ, ನೋಡಿದವರಿಗೆ ಕಸ ಅನ್ನಿಸಲಿ ಎಂದೇ. ಮಾವನಿಗೂ ಹಾಗೇ ಅನ್ನಿಸಿತ್ತು.

"ಮೊದ್ಲು ಎಳೆದು ಹಾಕಿದ್ನಲ್ಲ, ಅದ್ರಲ್ಲೂ ಇತ್ತೇನೇ?"

"ಗೊತ್ತಿಲ್ಲ ಮಾವ."

ಅವನ ಮುಖ ಸಣ್ಣದಾಯಿತು. ಸೊಂಟದ ತನಕ ನೀರಿಗಿಳಿದು, ಸರಿದ ಜೊಂಡನ್ನು ಮೆಲ್ಲಗೆ ಮೊಟ್ಟೆಗಳ ಮೇಲೆ ಹೊದಿಸಿದ. ಅವನಿಗೆ ಬರುವುದು ಒಂದೇ ರೀತಿ: ಎಳೆಗಳೆಲ್ಲ ಒಂದೇ ದಿಕ್ಕಿಗೆ, ಚಾಪೆ ಹೆಣೆದ ಹಾಗೆ. ಆ ದೋಣಿ ಬಾಡಿಗೆಗಿಲ್ಲ ಎಂದು ಹೇಳಿ, ನನ್ನನ್ನೂ ಎಳೆದುಕೊಂಡು ದೂರದ ಬೆಂಚಿನಲ್ಲಿ ಕೂತ.

ಹಕ್ಕಿ ಕೆರೆಯ ನಡುವೆ ಎದ್ದಿತು. ನಮ್ಮನ್ನು ನೋಡಿ ಮತ್ತೆ ಮುಳುಗಿತು. ಇಲ್ಲಿ ಮುಳುಗಿ ಇನ್ನೆಲ್ಲೋ ಏಳುವುದು ಅದರ ಚಾಳಿ. ಅತ್ತಿಂದಿತ್ತ ಹುಡುಕಿ ಮಾವನ ಕಣ್ಣುಗಳು ಸೋತವು.

"ಇನ್ನು ಬರಲ್ವೇನೋ. ನಾನು ಮುಟ್ಟಿದ್ದು ಗೊತ್ತಾಗೋಯ್ತು ಅದಕ್ಕೆ."

ಕೊನೆಗೂ ಗೂಡಿನ ಪಕ್ಕದಲ್ಲೇ ತಲೆ ಎದ್ದಿತು. ಹಕ್ಕಿ ಗೂಡಿನ ಮೇಲೆ ಹತ್ತಿ, ಮಾವ ಹೊದಿಸಿದ್ದನ್ನು ಕೊಕ್ಕಿನಲ್ಲಿ ಕಚ್ಚಿ ಕಚ್ಚಿ ಅತ್ತ ಇತ್ತ ಎಸೆಯಿತು. ಆಮೇಲೆ ಮೊಟ್ಟೆಗಳ ಮೇಲೆ ಕೂತಿತು.

"ನೋಡು ಮಾವ, ನೀನು ಜೋಡಿಸಿದ್ದೆಲ್ಲ ಚೆಲ್ಲಾಪಿಲ್ಲಿ ಮಾಡ್ಬಿಟ್ಳು," ಎಂದೆ.

"ಮಾಡ್ಲಿ ಬಿಡೇ," ಮಾವ ಕಣ್ಣೊರೆಸಿಕೊಂಡ. "ಅವಳ ಮನೆ ಅದು."