ಕಣ್ಣ ಬಂದಿಲ್ಲ, ಹೊಂಟೈತಿ

ಅವರ ಕೊರಳಲ್ಲಿ ಮಂಗಳಸೂತ್ರದ ಜೊತೆಗೆ ಒಂದು ಸಣ್ಣ ಟಾರ್ಚೂ ತೂಗಾಡುತ್ತಿತ್ತು. ಸಿಟ್ಟು ಬಂದರೆ ಅದರಿಂದಲೇ ಮೇಜು ಕುಟ್ಟುತ್ತಿದ್ದರು. ಸಿಟ್ಟು ಬಾರದ ದಿನವನ್ನು ನಾನಂತೂ ನೋಡಿಲ್ಲ. ಚಿಕ್ಕೋಡಿಯ ಆ ಕಣ್ಣಿನ ಡಾಕ್ಟರಬಾಯಿ ಕನ್ನಡದಲ್ಲಿ ಬೈದದ್ದು ಸಾಲದಿದ್ದರೆ ಮರಾಠಿಯಲ್ಲಿ ಬೈಯುತ್ತಿದ್ದರು. ದವಾಖಾನೆಯ ಬಾಗಿಲಿಗೆ ತಾವೇ ಬರೆದು ಅಂಟಿಸಿದ ಹಾಳೆಯಲ್ಲಿ ಮೇಲೆ ದೊಡ್ಡದಾಗಿ ಸಮಯ, ಕೆಳಗೆ ಸಣ್ಣ ಅಕ್ಷರದಲ್ಲಿ ‘ಮನ್ಯಾಗ ಹಾಕಿದ ಹನಿ ಬಾಟ್ಲಿ ಮುಚ್ಚಿಡಬ್ಯಾಡ್ರಿ, ತೋರಸ್ರಿ.’

ನಾನು ಚೀಲದ ತಳದಲ್ಲಿ ಮುಚ್ಚಿಟ್ಟುಕೊಂಡೇ ಹೋಗಿದ್ದೆ.

ಆರು ವರ್ಷದ ಮಗಳ ಬಲಗಣ್ಣು ಕೆಂಪಾಗಿ ನೀರು ಸುರಿದಾಗ ಅಂಕಲಿಯ ನಮ್ಮ ಮನೆಯಲ್ಲಿ ಯಾರಿಗೂ ಗಾಬರಿಯಾಗಲಿಲ್ಲ. “ಕಣ್ಣ ಬಂದೈತಿ. ನನ್ನ ಹನೀನ ಹಾಕು,” ಎಂದರು ಅತ್ತೆ. ಕೆಂಗಣ್ಣಾದರೆ ನಮ್ಮ ಕಡೆ ಹಾಗೇ ಅನ್ನುವುದು. ಅವರ ಪೊರೆ ತೆಗೆಸಿದಾಗ ಕೊಟ್ಟ ಹನಿ ಅರ್ಧ ಬಾಟಲಿ ಉಳಿದಿತ್ತು. ಹಾಕಿದೆ. ಎರಡೇ ದಿನಕ್ಕೆ ಕೆಂಪು ಇಳಿಯಿತು, ನಾವು ಹಿಗ್ಗಿದೆವು. ಐದನೆಯ ದಿನ ಮಗು ಬೆಳಕಿಗೆ ಕಣ್ಣು ಬಿಡಲಾರದೆ ದಿಂಬಿಗೆ ಮುಖ ಒತ್ತಿಕೊಂಡು ಮಲಗಿತು.

ಡಾಕ್ಟರಬಾಯಿ ಕಣ್ಣಿಗೆ ಹಳದಿ ಬಣ್ಣ ಸೋಕಿಸಿ, ನೀಲಿ ಬೆಳಕು ಬಿಟ್ಟು, ಯಂತ್ರದಲ್ಲಿ ನನ್ನನ್ನೂ ಇಣುಕಿಸಿದರು. ಕರಿಗುಡ್ಡೆಯ ಮೇಲೆ ಒಣ ಟೊಂಗೆಯಂಥ ಹಸಿರು ಗೆರೆ ಕವಲೊಡೆದಿತ್ತು.

“ಏನ ಹಾಕಿದಿ?”

“ಏನಿಲ್ರಿ... ಕಣ್ಣ ಬಂದಿತ್ರಿ...”

“ಬಾಟ್ಲಿ ತಗಿ.”

ತೆಗೆದು ಕೊಟ್ಟೆ. ಓದಿದರು. ಟಾರ್ಚು ಮೇಜಿಗೆ ಬಡಿಯಿತು.

“ಸ್ಟಿರಾಯ್ಡ್ ಐತಿದು! ಮ್ಯಾಲಿನ ಕೆಂಪ ಇಳಸ್ತೈತಿ, ಒಳಗ ವೈರಸ್ಸಿಗೆ ಉಣಸ್ತೈತಿ. ದಿನಾ ಇದ ಹಾಡು, ಕಣ್ಣ ಬಂದೈತಿ, ಕಣ್ಣ ಬಂದೈತಿ! ಬಂದಿಲ್ಲ ತಂಗಿ, ಹೊಂಟೈತಿ!”

ಹೊರಗೆ ಕೂತವರಿಗೆಲ್ಲ ಕೇಳಿಸಿತು. ನನಗೆ ಭಯ, ನಾಚಿಕೆ, ಅವರ ಮೇಲೆ ಉರಿಯುವಷ್ಟು ಸಿಟ್ಟು. ಕೂಸಿನ ಎದುರಿಗೆ ಹೀಗನ್ನುವುದೇ? ಆದರೆ ಅದೇ ಹೆಂಗಸು ಮೂರು ವಾರ ದಿನಾ ಬೆಳಿಗ್ಗೆ ಫೋನ್ ಮಾಡಿ, “ಮುಲಾಮ ಹಚ್ಚಿದೇನ?” ಎಂದು ಕೇಳಿ, ನನ್ನ ಉತ್ತರ ಮುಗಿಯುವ ಮೊದಲೇ ಇಟ್ಟುಬಿಡುತ್ತಿದ್ದರು. ಬಲಗಣ್ಣು ಉಳಿಯಿತು. ಅಂಚಿನಲ್ಲೊಂದು ಸಣ್ಣ ಕಲೆ ನಿಂತಿತು.

“ಇದು ತಿರುಗಿ ಬರತೈತಿ. ವರ್ಷಕ್ಕೊಮ್ಮೆ ತೋರಸು,” ಎಂದಿದ್ದರು. ಈ ವರ್ಷ ಹೋದರೆ ಬಾಗಿಲಿಗೆ ಬೀಗ. ಡಾಕ್ಟರಬಾಯಿ ತೀರಿಕೊಂಡು ಹದಿನೈದು ದಿನವಾಯಿತೆಂದು ಪಕ್ಕದ ಔಷಧಿ ಅಂಗಡಿಯವರು ಹೇಳಿದರು. ಎಲ್ಲರಿಗೂ ಹೊತ್ತಿಗೆ ಸರಿಯಾಗಿ ಬರಬೇಕೆಂದು ಗದರಿಸಿದ ಹೆಂಗಸು, ಹೀಗೆ ಹೇಳದೆ ಕೇಳದೆ ಎದ್ದು ಹೋಗುವುದೇ? ಬೈಸಿಕೊಳ್ಳಲು ಸಿದ್ಧಳಾಗಿ ಬಂದವಳು ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ.

ಮಗಳು ಮಾತ್ರ ತಪಾಸಣೆಗೆ ನಿಲ್ಲುವಂತೆ ದೂರ ಸರಿದು ನಿಂತಳು. ಅಂಗೈಯಿಂದ ಎಡಗಣ್ಣು ಮುಚ್ಚಿದಳು. ಬಾಗಿಲ ಹಾಳೆಯ ಕೆಳಗಿನ ಸಣ್ಣ ಅಕ್ಷರಗಳನ್ನು, ಒಂದನ್ನೂ ಬಿಡದೆ, ಗಟ್ಟಿಯಾಗಿ ಓದಿದಳು.